ಬಬಲೇಶ್ವರದಲ್ಲಿ ಗ್ರೀಕ ಗೌಡ

ಡಬ್ಬಿಯ ಮುಚ್ಚಳ ತೆಗೆದಾಗ ಫಿಲ್ಮಿನ ಪಟ್ಟಿ ಮೂರು ತುಂಡಾಗಿತ್ತು. ಬಹಳ ಕಾಲ ಯಾರೂ ಮುಟ್ಟದೆ ಒಣಗಿ ಗರಿಗರಿಯಾಗಿದ್ದ ಅದು ಬರುವ ದಾರಿಯಲ್ಲೆಲ್ಲೋ ಮುರಿದಿರಬೇಕು. ನಮ್ಮ ಜೀಪಿನ ಡ್ರೈವರ್ ಒಂದು ತುಂಡನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಅಕ್ಕೋರ, ಇದರಾಗ ಎಲ್ಲಾರೂ ಬಿಳೇ ದೋತರಾ ಹೊತಗೊಂಡು ನಿಂತಾರ್ರಿ. ಯಾರು ಯಾರಂತ ಹೆಂಗ ತಿಳೀಬೇಕ್ರಿ?” ಎಂದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ವಿಜಾಪುರದ ಬ್ಲಾಕ್ ಕಚೇರಿಯಲ್ಲಿ ಸಮಾಜ ಶಿಕ್ಷಣದ ಕೆಲಸಕ್ಕೆ ಸೇರಿದ್ದೆ, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹೊಸ ಪಂಚಾಯತಿ ಕಾಯದೆಯ ಪ್ರಕಾರ ಹಳ್ಳಿಗಳಲ್ಲಿ ಚುನಾವಣೆ ನಡೆದು, ಹಿಂದೆಂದೂ ಇಂಥ ಸಭೆಯಲ್ಲಿ ಕೂರದಿದ್ದವರು ಮೆಂಬರಾಗಿದ್ದರು. ಅವರಿಗೆ ಒಂದೊಂದು ದಿನದ ತರಬೇತಿ ಶಿಬಿರ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು. ಹುಕುಮಿನ ಜೊತೆಗೆ ಈ ಡಬ್ಬಿಯೂ ಬಂತು. ಒಳಗಿದ್ದುದು ಗ್ರೀಸ್ ದೇಶದ ಅಥೆನ್ಸ್ ಎಂಬ ಊರನ್ನು ಎರಡೂವರೆ ಸಾವಿರ ವರ್ಷದ ಹಿಂದೆ ನಡೆಸಿದ ಒಬ್ಬ ಮುಖಂಡನ ಜೀವನ ಮತ್ತು ಕಾರ್ಯ. ಜನ ಕೈಯೆತ್ತಿ ತಮ್ಮ ರಾಜ್ಯ ತಾವೇ ನಡೆಸಿದ್ದು ಅಲ್ಲಿ ಮೊದಲಂತೆ. ಅದನ್ನು ನೋಡಿದರೆ ನಮ್ಮ ಮೆಂಬರುಗಳಿಗೆ ಪ್ರಜಾಪ್ರಭುತ್ವ ತಿಳಿಯುತ್ತದೆ ಎಂದು ಮೇಲಿನವರ ಲೆಕ್ಕಾಚಾರ.

ಅದು ಓಡುವ ಸಿನೆಮಾ ಅಲ್ಲ. ಪಟ್ಟಿಯ ಮೇಲೆ ಒಂದರ ಕೆಳಗೊಂದು ಬಿಡಿ ಚಿತ್ರಗಳು. ಪ್ರೊಜೆಕ್ಟರಿನ ಕಿವಿ, ಅಂದರೆ ಪಕ್ಕದ ಗುಂಡಿ, ತಿರುವಿದರೆ ಒಂದು ಸರಿದು ಇನ್ನೊಂದು ಬರುತ್ತದೆ. ಪಕ್ಕದಲ್ಲಿ ಒಬ್ಬರು ನಿಂತು ಕಥೆ ಹೇಳಬೇಕು, ಅದು ನನ್ನ ಕೆಲಸ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ವಿವರಣೆಯ ಹಾಳೆಗಳಿದ್ದವು. ನಾನು ಎರಡು ಸಲ ಓದಿ, ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಪಟ್ಟಿಯನ್ನು ಅಂಟಿಸುವ ಕೆಲಸ ಡ್ರೈವರ್ ವಹಿಸಿಕೊಂಡರು. ಮೊದಲು ಟೂರಿಂಗ್ ಟಾಕೀಸಿನಲ್ಲಿ ಕೆಲಸ ಮಾಡಿದ್ದ ಅವರಿಗೆ ಅದರ ಕೈಚಳಕ ಗೊತ್ತಿತ್ತು. ತುಂಡಿನ ಅಂಚನ್ನು ಬ್ಲೇಡಿನಿಂದ ಹದವಾಗಿ ಕೆರೆದು, ಸಿಮೆಂಟೆಂದು ಕರೆಯುವ ಘಾಟು ವಾಸನೆಯ ಅಂಟನ್ನು ಕಡ್ಡಿಯಿಂದ ಸವರಿ, ಇನ್ನೊಂದು ತುಂಡಿನ ಅಂಚನ್ನು ಅದರ ಮೇಲಿಟ್ಟು ಒತ್ತಿ ಹಿಡಿಯಬೇಕು. ಅವರು ಅಂಟಿಸುವಾಗ ನಾನು ಮಹಿಳಾ ಮಂಡಳದ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದೆ. ಚಿತ್ರಗಳ ಮೇಲೆ ಅಂಕಿ ಇರಲಿಲ್ಲ.

ಮೊದಲ ಶಿಬಿರ ತಿಕೋಟಾದಲ್ಲಿ. ಶಾಲೆಯ ದೊಡ್ಡ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಹಗಲಿನಲ್ಲೇ ಕತ್ತಲೆ ಮಾಡಿದೆವು. ಪರದೆಯೆಂದು ಗೋಡೆಗೆ ಒಂದು ಮಡಿ ಬಿಳಿ ದೋತರ ಕಟ್ಟಿದೆವು. ಪ್ರೊಜೆಕ್ಟರಿನ ಬಲ್ಬಿಗೆ ಜೀಪಿನ ಬ್ಯಾಟರಿಯಿಂದ ವೈರು ಎಳೆದಿದ್ದೆವು, ಬ್ಯಾಟರಿ ಇಳಿಯದಿರಲೆಂದು ಹೊರಗೆ ಎಂಜಿನ್ ಓಡುತ್ತಲೇ ಇತ್ತು. ಆ ಗದ್ದಲದ ಮೇಲೆ ಕೂಗಿ ಹೇಳಬೇಕು. ಕತ್ತಲಲ್ಲಿ ಹಾಳೆ ಓದಲು ಆಗುವುದಿಲ್ಲವೆಂಬುದು ನನಗೆ ಹೊಳೆದದ್ದು ಆಗಲೇ.

ಮೊದಲ ಚಿತ್ರ ಶಿರಸ್ತ್ರಾಣ ಹಾಕಿದ ಕಲ್ಲಿನ ತಲೆ. ಈತನ ತಲೆ ಉದ್ದವಾಗಿತ್ತು, ಜನ ಆಡಿಕೊಳ್ಳುತ್ತಿದ್ದರು, ಅದಕ್ಕೇ ಶಿಲ್ಪಿಗಳು ಯಾವಾಗಲೂ ತಲೆ ಮುಚ್ಚಿಯೇ ಕೆತ್ತಿದರು ಎಂದು ಹೇಳಿದೆ. ದೊಡ್ಡ ಮನೆತನದವನು, ಆದರೆ ಬಡವರ ಪಕ್ಷ ಹಿಡಿದವನು. ಬಡವನೂ ಕೂಲಿ ಕಳೆದುಕೊಳ್ಳದೆ ಬಂದು ನ್ಯಾಯಕ್ಕೆ ಕೂರಲೆಂದು ಅವನಿಗೆ ಸಂಬಳ ಕೊಡಿಸಿದವನು. ಯಾರ ಮನೆಯ ಊಟಕ್ಕೂ ಹೋಗುತ್ತಿರಲಿಲ್ಲ. ಮನೆಯಿಂದ ಸಭೆಗೆ ಹೋಗುವ ಒಂದೇ ಓಣಿಯಲ್ಲಿ ಅವನನ್ನು ಕಾಣಬಹುದಿತ್ತು. ಜನ ಅವನನ್ನು ವರ್ಷ ವರ್ಷವೂ ದಂಡನಾಯಕನನ್ನಾಗಿ ಆರಿಸುತ್ತಿದ್ದರು. ಹೆಸರನ್ನು ಮೂರು ಸಲ ಹೇಳಿದೆ. ಯಾರ ನಾಲಿಗೆಗೂ ಹೊರಳಲಿಲ್ಲ.

ಮುಂದೆ ಕೂತಿದ್ದ ಮೆಂಬರೊಬ್ಬರು, “ಹೆಸರು ಇರಲಿ ಬಿಡ್ರಿ ಅಕ್ಕೋರ. ದೊಡ್ಡ ಮನೆತನ, ವರ್ಷಾ ವರ್ಷಾ ಆರಿಸಿ ಬರತಾರ, ಮಂದ್ಯಾಗ ಕುಂತು ಉಣ್ಣೂದಿಲ್ಲ. ಅಂದ್ರ ಗೌಡ್ರ ಆತಲ್ರಿ. ಗ್ರೀಕ ಗೌಡ್ರು ಅನ್ರಿ” ಎಂದರು. ಎಲ್ಲರೂ ನಕ್ಕರು. ನನಗೂ ಹಗುರೆನಿಸಿತು. ಅಲ್ಲಿಂದ ಅವನು ಗ್ರೀಕ ಗೌಡನೇ ಆದ, ಇಲ್ಲೂ ಹಾಗೆಯೇ ಬರೆಯುತ್ತೇನೆ.

ಕಿವಿ ತಿರುವಿದೆ. ಜನ ಕೈಯೆತ್ತಿದ ಸಭೆ ಬಂತು. ಆಮೇಲೆ ಗುಡ್ಡದ ಮೇಲೆ ಕಟ್ಟುತ್ತಿರುವ ಗುಡಿ. ಅದಕ್ಕೆ ಆಳುಗಳು ಕಲ್ಲು ಹೊರುತ್ತಿದ್ದರು. ವೈರಿಗಳ ವಿರುದ್ಧ ಕಾದಾಡಲೆಂದು ಜೊತೆಯ ಊರುಗಳು ಒಟ್ಟುಗೂಡಿಸಿದ ಕಾಣಿಕೆಯನ್ನು ಈತ ತಂದು ತನ್ನೂರಿನ ಗುಡಿಗೆ ಸುರಿದ, ಅದಕ್ಕೆ ಅಪವಾದವೂ ಬಂತು ಎಂದೆ. ಮುಂದಿನ ಚಿತ್ರದಲ್ಲಿ ಜನ ಅವನತ್ತ ಬೆರಳು ಮಾಡಿ ಕೂಗುತ್ತಿದ್ದರು. ನಾನು ಗಲಿಬಿಲಿಗೊಂಡೆ. ಓದಿದ್ದರಲ್ಲಿ ಇಲ್ಲಿ ಯುದ್ಧ ಬರಬೇಕಿತ್ತಲ್ಲ? ನಾನೇ ಮರೆತಿರಬೇಕೆಂದುಕೊಂಡು, ಜನ ಸಿಟ್ಟಾಗಿ ಅವನನ್ನು ಕೆಳಗಿಳಿಸಿದರು ಎಂದೆ. ಮುಂದೆ ಅವನು ಮತ್ತೆ ಸಭೆಯ ಕಟ್ಟೆಯ ಮೇಲೆ ನಿಂತಿದ್ದ. ಆಮೇಲೆ ಸತ್ತ ಮಗನಿಗೆ ಹೂಮಾಲೆ ಹಾಕುತ್ತಿದ್ದ. ಆಮೇಲೆ ಯಾರೋ ಹಾಸಿಗೆಯಲ್ಲಿ ಮಲಗಿದ್ದರು. “ಇವರು ಯಾರ್ರಿ?” ಎಂದು ಕೇಳಿದಾಗ ನಾನು, ಯಾರೋ ರೋಗಿ ಎಂದೆ. ಅದಾದ ಮೇಲೆ ಗಾಡಿ ಹೊಡೆದುಕೊಂಡು ಹಳ್ಳಿಯವರು ಕೋಟೆಯೊಳಗೆ ಬಂದರು, ಹೊರಗೆ ಹೊಲಗಳು ಉರಿದವು, ಓಣಿಯಲ್ಲಿ ಜನ ಬೇನೆಯಿಂದ ಬಿದ್ದಿದ್ದರು. ಅಲ್ಲಿಗೆ ಪಟ್ಟಿ ಮುಗಿದು ಬರೀ ಬಿಳಿ ಬೆಳಕು ಬಿತ್ತು. ಕಥೆಗೆ ತುದಿಯೇ ಸಿಗಲಿಲ್ಲ. ಜನ ಸ್ವಲ್ಪ ಹೊತ್ತು ಬಿಳಿ ದೋತರವನ್ನೇ ನೋಡುತ್ತ ಕೂತು ಎದ್ದು ಹೋದರು.

ಆದರೆ ಅವರು ಒಂದು ಕಥೆ ಮಾಡಿಕೊಂಡೇ ಹೋಗಿದ್ದರು. ಅದು ಬಸ್ಸಿನಲ್ಲಿ ವಿಜಾಪುರಕ್ಕೂ ಅಲ್ಲಿಂದ ಬಬಲೇಶ್ವರಕ್ಕೂ ನನಗಿಂತ ಮುಂಚೆ ತಲುಪಿತು. ಬಬಲೇಶ್ವರದ ಹತ್ತಿರ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿಯ ಪಂಚಾಯತಿಯ ಚೇರ್ಮನ್ನರೂ ಗೌಡರೇ. ಊರಾಚೆಯ ದಲಿತರ ಕೇರಿಯಲ್ಲಿ ಬಾವಿ ಕಟ್ಟಲು ತರಿಸಿದ್ದ ಕಲ್ಲನ್ನು ಅವರು ಗುಡಿಯ ಕಟ್ಟೆಗೆ ಹಾಕಿಸಿದ್ದರು. ಅದನ್ನೇ ಹಿಡಿದು ವಿರೋಧದವರು ಅವರನ್ನು ಇಳಿಸಲು ಅವಿಶ್ವಾಸದ ಠರಾವು ತಂದಿದ್ದರು. ಈಗ ಆ ಊರಲ್ಲಿ ಸುದ್ದಿ ಹಬ್ಬಿದ್ದು ಹೀಗೆ: ಸರಕಾರವೇ ಚಿತ್ರ ಮಾಡಿಸಿದೆ, ಗುಡಿ ಕಟ್ಟಿಸಿದ ಗೌಡನನ್ನು ಜನ ಇಳಿಸಿದರು ಎಂದು ಅದರಲ್ಲಿದೆ, ತಿಕೋಟಾದಲ್ಲಿ ಅಕ್ಕೋರು ತೋರಿಸಿದ್ದಾರೆ.

ಚೇರ್ಮನ್ನರು ತಲೆಗೆ ದೊಡ್ಡ ಪಟಕ ಸುತ್ತಿಕೊಂಡು ಬ್ಲಾಕ್ ಕಚೇರಿಗೆ ಬಂದೇಬಿಟ್ಟರು. ಬಿ.ಡಿ.ಓ. ಸಾಹೇಬರು ಮೈಸೂರು ಕಡೆಯವರು, ನಮ್ಮ ಕಡೆಗೆ ಹೊಸಬರು. ನನ್ನನ್ನು ಕರೆಸಿದರು.

“ನಾ ಏನು ತಪ್ಪ ಮಾಡೇನ್ರಿ ಸಾಹೇಬ್ರ? ಈ ಅಕ್ಕೋರು ತಿಕೋಟಾದಾಗ ನನ್ನ ಚಿತ್ರ ತೋರ್ಸ್ಯಾರಂತ!” ಎಂದರು ಚೇರ್ಮನ್ನರು.

“ನಿಮ್ಮದಲ್ಲರಿ, ಅದು ಗ್ರೀಸ್ ದೇಶದವರದು” ಎಂದೆ.

“ಗ್ರೀಕ ಗೌಡ ಅಂತ ಕರದಿದ್ದು ಯಾರ್ರಿ ಮತ್ತ? ತಲಿ ದೊಡ್ಡದು, ಅದಕ್ಕ ಮುಚಗೊಂಡಾನ ಅಂದ್ರಂತ. ನನ್ನ ತಲಿ ದೊಡ್ಡದಂತ ಸುತ್ತ ಹಳ್ಳಿಗೆಲ್ಲಾ ಗೊತ್ತೈತ್ರಿ!”

ಸಾಹೇಬರಿಗೆ ನಗು ಬಂತೋ ಭಯವಾಯಿತೋ ತಿಳಿಯಲಿಲ್ಲ. ಚೇರ್ಮನ್ನರನ್ನು ಚಹಾ ಕುಡಿಸಿ ಕಳಿಸಿದ ಮೇಲೆ ನನಗೆ ಹೇಳಿದರು: “ನೋಡಿ ಮೇಡಂ, ನೀವು ಮಾಡಿದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಆದರೆ ಮುಂದಿನ ಶಿಬಿರ ಬಬಲೇಶ್ವರದಲ್ಲೇ ಇದೆ. ಈ ಗೌಡರ ಊರಿನ ಎರಡು ಪಾರ್ಟಿಯವರೂ ಬರ್ತಾರೆ. ಶಿಬಿರ ನಿಲ್ಲಿಸೋ ಹಾಗಿಲ್ಲ, ಚಿತ್ರ ತೋರಿಸದೆ ಇರೋ ಹಾಗೂ ಇಲ್ಲ. ಯಾರಿಗೂ ಬೇಜಾರಾಗದ ಹಾಗೆ ತೋರಿಸಿ. ನಿಮ್ಮ ಖಾಯಂ ಆಗೋ ಕಾಗದ ಬೇರೆ ನನ್ನ ಟೇಬಲ್ ಮೇಲಿದೆ.”

ಯಾರಿಗೂ ಬೇಜಾರಾಗದ ಹಾಗೆ ತೋರಿಸುವುದೆಂದರೆ ಹೇಗೆ? ನಾನು ಡಬ್ಬಿ ತೆಗೆದುಕೊಂಡು ಕಿಟಕಿಯ ಬಳಿ ಕೂತೆ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದು ಕೈಯಲ್ಲಿ ವಿವರಣೆ. ಸಭೆ, ಗುಡಿ, ಅಲ್ಲಿಗೆ ಒಂದು ಅಂಟು. ಅದರ ಮುಂದೆ ಹಾಳೆಯಲ್ಲಿ ಯುದ್ಧ ಇತ್ತು, ಪಟ್ಟಿಯಲ್ಲಿ ಬೆರಳು ಮಾಡುವ ಜನ ಇದ್ದರು. ನಡುವಿನ ತುಂಡು ಕೊನೆಗೆ ಹೋಗಿತ್ತು, ಕೊನೆಯದು ನಡುವೆ ಬಂದಿತ್ತು. ಹಾಸಿಗೆಯಲ್ಲಿ ಮಲಗಿದ ರೋಗಿ ಸ್ವತಃ ಗ್ರೀಕ ಗೌಡನೇ. ನಾನು ತಿಕೋಟಾದಲ್ಲಿ ಅವನನ್ನು ಸಾಯಿಸಿ, ಆಮೇಲೆ ಯುದ್ಧ ಮಾಡಿಸಿದ್ದೆ.

ಡ್ರೈವರಿಗೆ ತೋರಿಸಿದೆ. ಅವರು ಹಣೆ ಚಚ್ಚಿಕೊಂಡರು. “ನನಗೇನು ಗೊತ್ರಿ ಅಕ್ಕೋರ, ಸತ್ತವರೂ ಅವ್ರ, ಇದ್ದವರೂ ಅವ್ರ. ಬಿಚ್ಚಿ ಮತ್ತ ಹಚ್ಚತೇನಿ.”

ತಡೆಯಿರಿ ಎಂದೆ. ಹಾಳೆಯನ್ನು ನಂಬುವುದಕ್ಕೂ ಧೈರ್ಯ ಬರಲಿಲ್ಲ. ಊರಿನ ವಾಚನಾಲಯಕ್ಕೆ ಹೋಗಿ ಗ್ರೀಸಿನ ಇತಿಹಾಸದ ಎರಡು ದಪ್ಪ ಪುಸ್ತಕ ಹುಡುಕಿ ಓದತೊಡಗಿದೆ. ಓದಿದಷ್ಟೂ ಗೊಂದಲ ಹೆಚ್ಚಿತು. ಸರಿಯಾದ ಕ್ರಮ ಹೀಗೆ: ವೈರಿಗಳು ಬಂದಾಗ ಈತ ಹಳ್ಳಿಯವರನ್ನೆಲ್ಲ ಕೋಟೆಯೊಳಗೆ ಕರೆಸಿಕೊಂಡ. ನಮ್ಮ ಬಲ ಹಡಗಿನಲ್ಲಿದೆ, ಹೊಲ ಹೋದರೆ ಹೋಗಲಿ ಎಂದ. ಹೊರಗೆ ಬೆಳೆ ಉರಿಯಿತು, ಒಳಗೆ ದಟ್ಟಣೆಯಲ್ಲಿ ಬೇನೆ ಹಬ್ಬಿ ಜನ ಸಾಲುಸಾಲಾಗಿ ಸತ್ತರು. ಆಗ ಅವನನ್ನು ಇಳಿಸಿ ದಂಡ ಹಾಕಿದರು. ಸ್ವಲ್ಪ ದಿನಕ್ಕೇ, ಇವನಿಲ್ಲದೆ ನಡೆಯದೆಂದು ಮತ್ತೆ ಕರೆದು ಕೂರಿಸಿದರು. ಕೊನೆಗೆ ಅದೇ ಬೇನೆಯಿಂದ ಅವನೂ ಸತ್ತ.

ಅಂದರೆ ಸರಿಯಾದ ಕ್ರಮದಲ್ಲಿ ತೋರಿಸಿದರೆ, ಇಳಿಸಿದ್ದು ಜನರ ಆತುರ, ಮರಳಿ ಕೂರಿಸಿದ್ದು ಜಾಣತನ ಎಂದಾಗುತ್ತದೆ. ಚೇರ್ಮನ್ನರು ಚಪ್ಪಾಳೆ ತಟ್ಟುತ್ತಾರೆ. ತಪ್ಪು ಕ್ರಮದಲ್ಲೇ ಬಿಟ್ಟರೆ, ಗುಡಿ ಕಟ್ಟಿಸಿದ್ದಕ್ಕೇ ಇಳಿಸಿದರೆಂದಾಗಿ ವಿರೋಧದವರು ಚಪ್ಪಾಳೆ ತಟ್ಟುತ್ತಾರೆ. ಒಂದು ಪುಸ್ತಕ ಅವನನ್ನು ಮಹಾಪುರುಷನೆನ್ನುತ್ತಿತ್ತು. ಇನ್ನೊಂದು, ಇವನ ಹಟದಿಂದಲೇ ಆ ಯುದ್ಧ ಬಂತು ಎನ್ನುತ್ತಿತ್ತು. ಅದರಲ್ಲೇ ಇನ್ನೊಂದು ಮಾತಿತ್ತು. ಕೈಯೆತ್ತುವ ಹಕ್ಕು ಊರಿನ ಎಲ್ಲರಿಗೂ ಇರಲಿಲ್ಲ. ಕೊಂಡು ತಂದ ಆಳುಗಳಿಗೆ ಇಲ್ಲ, ಹೆಂಗಸರಿಗೆ ಇಲ್ಲ, ಹೊರಗಿನಿಂದ ಬಂದು ನೆಲೆಸಿದವರಿಗೆ ಇಲ್ಲ. ತಾಯಿ ತಂದೆ ಇಬ್ಬರೂ ಇದೇ ಊರಿನವರಾಗಿದ್ದರೆ ಮಾತ್ರ ನಾಗರಿಕ ಎಂದು ಕಾನೂನು ಮಾಡಿಸಿದವನೇ ಈ ಗ್ರೀಕ ಗೌಡ. ಆಮೇಲೆ ಹೊರಗಿನ ಊರಿನ ಹೆಂಗಸಿನ ಜೊತೆ ಬಾಳಿದ. ಮೊದಲ ಮಕ್ಕಳಿಬ್ಬರೂ ಬೇನೆಯಲ್ಲಿ ಸತ್ತಾಗ, ಆಕೆಯ ಮಗನಿಗಾಗಿ ಆ ಕಾನೂನನ್ನು ಸಡಿಲಿಸಿರೆಂದು ಸಭೆಯ ಮುಂದೆ ಬೇಡಿಕೊಂಡ. ಮಗನ ಸಾವೊಂದನ್ನು ಬಿಟ್ಟರೆ ಇದಾವುದೂ ಹಾಳೆಯಲ್ಲಿರಲಿಲ್ಲ, ಪಟ್ಟಿಯಲ್ಲೂ ಇರಲಿಲ್ಲ.

“ಹಿಂಗ ಹಚ್ಚಿದ್ರ ಇವರು ಗೆಲ್ಲತಾರ, ಹಂಗ ಹಚ್ಚಿದ್ರ ಅವರು ಗೆಲ್ಲತಾರ. ಗುಡಿ ತನಕ ತೋರ್ಸಿ ಬಲ್ಬ್ ಹೋತು ಅಂದ್ಬಿಡೂಣೇನ್ರಿ?” ಎಂದರು ಡ್ರೈವರ್. ಅದೇ ಸರಿಯೆಂದು ನನಗೂ ಅನಿಸಿತು. ಬಬಲೇಶ್ವರಕ್ಕೆ ಹೊರಡುವವರೆಗೂ ಪಟ್ಟಿ ಹಾಗೆಯೇ, ತಪ್ಪು ಅಂಟಿನಲ್ಲೇ, ಡಬ್ಬಿಯಲ್ಲಿತ್ತು. ಸಿಮೆಂಟಿನ ಬಾಟಲಿ, ಬ್ಲೇಡುಗಳನ್ನು ಡ್ರೈವರ್ ಜೀಪಿನಲ್ಲಿ ಇಟ್ಟುಕೊಂಡಿದ್ದರು.

ಬಬಲೇಶ್ವರದಲ್ಲಿ ಬೆಳಿಗ್ಗೆಯ ಹೊತ್ತು ಕಾಯದೆಯ ಪಾಠಗಳಿದ್ದವು. ಮಧ್ಯಾಹ್ನದ ಊಟದ ಮೇಲೆ ನನ್ನ ಚಿತ್ರ. ಕಿಟಕಿಗೆ ಕಂಬಳಿ ಕಟ್ಟಿಸುತ್ತಿದ್ದಾಗ ಒಬ್ಬರು ಬಂದು ಜೀಪಿನ ಬದಿಗೆ ನಿಂತರು. ಮೂವತ್ತು ದಾಟಿದ ವಯಸ್ಸು, ಒಗೆದ ಅಂಗಿ, ಕಾಲಲ್ಲಿ ಚಪ್ಪಲಿ. ಚೇರ್ಮನ್ನರ ಹಳ್ಳಿಯವರೇ, ಕೇರಿಯಿಂದ ಮೀಸಲು ಸ್ಥಾನಕ್ಕೆ ಆರಿಸಿ ಬಂದ ಮೆಂಬರು. ಅವರ ಮನೆತನ ಕೆಲವು ವರ್ಷಗಳ ಹಿಂದೆ ಬೌದ್ಧ ಧರ್ಮ ಸೇರಿತ್ತು, ಸತ್ತ ದನ ಎಳೆಯುವ ಕೆಲಸ ಬಿಟ್ಟಿತ್ತು. ಹೊಲದ ಕೂಲಿಯೇ ಅವರ ಜೀವನ. ಪಂಚಾಯತಿಯಲ್ಲಿ ಎರಡೂ ಕಡೆ ಸಮಸಮವಾಗಿದ್ದರಿಂದ ಠರಾವು ಇವರ ಒಂದು ಕೈಯ ಮೇಲೆ ನಿಂತಿತ್ತು.

“ಅಕ್ಕೋರ, ಒಂದು ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ” ಎಂದರು. “ನಾ ನಮ್ಮ ಗೌಡ್ರನ್ನ ತಗೀಬೇಕೋ ಇಡಬೇಕೋ, ತಿಳೀವಲ್ದು. ಬಾವಿ ಕಲ್ಲು ಗುಡಿಗೆ ಹಾಕಿದ್ದು ಖರೇ ಐತ್ರಿ. ನಮ್ಮ ಹೆಣ್ಮಕ್ಕಳು ಇವತ್ತಿಗೂ ಹಳ್ಳದ ವರತಿ ನೀರಿಗೆ ಹೋಗತಾರ. ಆದ್ರ ಪಂಚಾಯತಿಯೊಳಗ ನನ್ನ ಬೆಂಚಿನ ಮ್ಯಾಲ ಕೂಡ್ಸಿದವ್ರು ಅವರ ನೋಡ್ರಿ. ಮೊದಲನೇ ದಿನ ನಾ ಬಾಗಲದಾಗ ನಿಂತಿದ್ದೆ. ಏ, ಒಳಗ ಬಾ, ಮ್ಯಾಲ ಕುಂದ್ರು, ನೀ ಮೆಂಬರ ಅದಿ ಅಂದ್ರು. ಈಗ ವಿರೋಧದವ್ರು ಬಾವಿ ತೋಡಸ್ತೇವಿ ಅಂತಾರ. ಅವತ್ತ ನಾ ಬೆಂಚಿನ ಮ್ಯಾಲ ಕುಂತಾಗ ಎದ್ದು ಹೊರಗ ಹೋದವ್ರೂ ಅವರ.”

ನಾನು ಕಂಬಳಿ ಕಟ್ಟುವವರನ್ನು ಬಿಟ್ಟು ಅವರತ್ತ ತಿರುಗಿದೆ.

“ತಿಕೋಟಾದಾಗ ನೀವು ಗ್ರೀಕ ಗೌಡ್ರದು ತೋರ್ಸಿದ್ರಂತ. ಅವರೂ ಹಿಂಗ ಇದ್ರಂತ. ಅವರ ಊರಾಗ ನಮ್ಮಂಥವರಿಗೆ ಕೈ ಎತ್ತೂದು ಇತ್ತೇನ್ರಿ?”

“ಇರಲಿಲ್ಲ” ಎಂದೆ. ಹೇಳಿದ ಮೇಲೆ ಗಾಬರಿಯಾಯಿತು.

“ಅದು ಚಿತ್ರದಾಗ ಐತೇನ್ರಿ?”

“ಇಲ್ಲ.”

“ಹಂಗಾದ್ರ ನೀವರ ಹೇಳ್ರಿ. ನಾ ಯಾ ಕಡಿ ಕೈ ಎತ್ತಲಿ ಅಂತ ಹೇಳಬ್ಯಾಡ್ರಿ. ಹೇಳಿದ್ರ ನಿಮ್ಮ ನೌಕರಿ ಹೋಗತೈತಿ. ಇದ್ದದ್ದು ಇದ್ದಂಗ ಹೇಳ್ರಿ.”

ಅವರು ಒಳಗೆ ಹೋದರು. ನಾನು ಜೀಪಿನ ಮೆಟ್ಟಿಲ ಮೇಲೆ ಕೂತೆ. ಎರಡು ಪುಸ್ತಕ ಓದಿದ ಮೇಲೂ ನನಗೆ ಆ ಮನುಷ್ಯ ಅರ್ಥವಾಗಿರಲಿಲ್ಲ. ಅರ್ಥವಾಗದ್ದನ್ನು ಹೇಗೆ ಹೇಳುವುದು? ಬಲ್ಬ್ ಹೋಯಿತೆಂದು ಸುಳ್ಳು ಹೇಳಿ ಮುಗಿಸಿದರೆ ಸಾಹೇಬರು ಸಂತೋಷಪಡುತ್ತಾರೆ. ಆದರೆ ಈ ಒಬ್ಬರು ಮನೆಗೆ ಏನು ತೆಗೆದುಕೊಂಡು ಹೋಗುತ್ತಾರೆ? ತಿಕೋಟಾದಿಂದ ಹೊರಟ ತಪ್ಪು ಕಥೆಯನ್ನೇ. ಅದನ್ನು ನಂಬಿ ಅವರು ಕೈಯೆತ್ತಬಹುದು, ಎತ್ತದಿರಬಹುದು. ಅಷ್ಟು ಹೊತ್ತಿಗೆ ಊಟ ಮುಗಿಸಿದ ಮೆಂಬರುಗಳು ಕೈ ಒರೆಸಿಕೊಳ್ಳುತ್ತ ಬರತೊಡಗಿದ್ದರು.

“ಡ್ರೈವರ್ ಸಾಹೇಬ್ರ, ಪಟ್ಟಿ ಬಿಚ್ಚಿ ಸರಿಯಾಗಿ ಹಚ್ಚೋಣ” ಎಂದೆ. “ಅಂಟು ಒಣಗುವಷ್ಟು ಹೊತ್ತಿದೆಯೇ?”

“ಬಿಸಿಲಿಗೆ ಹಿಡದ್ರ ಲಗೂನ ಒಣಗತೈತ್ರಿ” ಎಂದು ಅವರು ಬ್ಲೇಡು ತೆಗೆದರು. ಹಳೆಯ ಅಂಟು ಬಿಡಿಸುವಾಗ ಬೆರಳು ಮಾಡುವ ಜನರ ಚಿತ್ರ ಅರ್ಧ ಸೀಳಿತು. ಸೀಳಿದ್ದನ್ನು ಅಂಟುಪಟ್ಟಿಯಿಂದ ಜೋಡಿಸಿದೆವು. ಜೀಪಿನ ಬಾನೆಟ್ಟಿನ ಮೇಲೆ ಮೂರು ತುಂಡನ್ನು ಉದ್ದಕ್ಕೆ ಇಟ್ಟು, ನಾನು ಹಾಳೆ ನೋಡಿ ಒಂದೊಂದೇ ಚಿತ್ರ ಹೇಳುತ್ತ ಹೋದೆ, ಅವರು ಒತ್ತಿ ಹಿಡಿದರು.

ಒಳಗೆ ಕತ್ತಲೆ. ಎಂಜಿನ್ನಿನ ಸದ್ದು. ಮೊದಲಿಗೇ ಹೇಳಿಬಿಟ್ಟೆ, ತಿಕೋಟಾದಲ್ಲಿ ತುಂಡುಗಳು ಹಿಂದುಮುಂದಾಗಿದ್ದವು, ಆ ಕಥೆ ಸರಿಯಿಲ್ಲ, ಇದು ಯಾರ ಊರಿನ ಯಾವ ಗೌಡರ ಕಥೆಯೂ ಅಲ್ಲ. ಯಾರೋ ನಕ್ಕರು. ಚೇರ್ಮನ್ನರು ಮುಂದಿನ ಸಾಲಿನಲ್ಲಿ ಕೆಮ್ಮಿದರು.

ಗುಡಿಯ ಚಿತ್ರದಲ್ಲಿ, ಕಾಣಿಕೆ ಬೇರೆಯವರದು ಎಂಬುದನ್ನೂ ಹೇಳಿದೆ, ಆ ಕೆಲಸದಿಂದ ಎಷ್ಟೋ ಮನೆಗಳಿಗೆ ಕೂಲಿ ಸಿಕ್ಕಿತೆಂಬುದನ್ನೂ ಹೇಳಿದೆ. ಹೊಲ ಉರಿಯುವ ಚಿತ್ರ ಬಂದಾಗ ಕೋಣೆಯಲ್ಲಿ ಗದ್ದಲವೆದ್ದಿತು.

“ಗ್ವಾಡಿ ಮ್ಯಾಲ ನಿಂತು ತಮ್ಮ ಬೆಳಿ ಸುಡೂದು ನೋಡಿದ್ರೇನ್ರಿ? ವಿಜಾಪುರ ಕ್ವಾಟಿ ಮ್ಯಾಲ ನಮ್ಮನ್ನ ನಿಲ್ಲಿಸಿ, ಕೆಳಗ ಜ್ವಾಳಕ್ಕ ಬೆಂಕಿ ಹಚ್ಚಿದಂಗಾತಲ್ರಿ!”

“ಮತ್ತ ತಗೀಲಾರದ ಏನು ಮಾಡ್ತಾರ? ನಾ ಇದ್ರ ಅವತ್ತ ತಗೀತಿದ್ದೆ” ಎಂದರು ಇನ್ನೊಬ್ಬರು.

ಮುಂದಿನ ಚಿತ್ರ ಬೇನೆ, ಅದರ ಮುಂದಿನದು ಸೀಳಿದ ಚಿತ್ರ. ಅಂಟುಪಟ್ಟಿಯ ಕರಿಯ ಗೆರೆ ಅವನ ಮುಖದ ಮೇಲೇ ಬಿದ್ದಿತ್ತು, ಜನರ ಬೆರಳುಗಳು ಮಾತ್ರ ಕಂಡವು. ಆಮೇಲೆ ಅವನು ಮತ್ತೆ ಕಟ್ಟೆಯ ಮೇಲೆ ಬಂದಾಗ ಚೇರ್ಮನ್ನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ನೋಡ್ರಿ! ತಗದವರ ಬಂದು ಕಾಲ ಹಿಡದ್ರು. ನೋಡಕೋರಿ ಎಲ್ಲಾರೂ!” ಅವರ ಕಡೆಯವರೂ ತಟ್ಟಿದರು.

ನಾನು ಕಿವಿಯನ್ನು ಹಿಂದಕ್ಕೆ ತಿರುವಿದೆ. ಮತ್ತೆ ಗುಡಿಯ ಚಿತ್ರ ಬಂತು. “ಈ ಕಲ್ಲು ಹೊರುವವರನ್ನು ನೋಡಿರಿ” ಎಂದೆ. “ಇವರಲ್ಲಿ ಎಷ್ಟೋ ಜನ ಕೊಂಡು ತಂದ ಆಳುಗಳು. ಸಭೆಯಲ್ಲಿ ಇವರಿಗೆ ಕೈಯೆತ್ತಲು ಇರಲಿಲ್ಲ. ಹೊರಗಿನವರಿಗೂ ಇರಲಿಲ್ಲ. ಹೆಂಗಸರಿಗೂ ಇರಲಿಲ್ಲ. ನಾನು ಆ ಊರಿನಲ್ಲಿದ್ದರೆ ಹೀಗೆ ನಿಮ್ಮೆದುರು ನಿಲ್ಲುತ್ತಿರಲಿಲ್ಲ. ಇದ್ದ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿದವನು ಈತನೇ.” ಆಮೇಲೆ ಅವನ ಮಗನ ಸಂಗತಿ ಹೇಳಿದೆ.

ಹಿಂದಿನ ಸಾಲಿನಿಂದ ಕೇರಿಯ ಆ ಮೆಂಬರರ ದನಿ ಬಂತು: “ತಾ ಹಾಕಿದ ಬಾಗಲಾ ತನ್ನ ಮಗನ ಸಲುವಾಗಿ ತಗೀರಿ ಅಂದ್ರೇನ್ರಿ? ತಗದ್ರೇನ್ರಿ ಮಂದಿ?”

“ತೆಗೆದರು. ಆ ಒಬ್ಬ ಮಗನಿಗೆ ಮಾತ್ರ.”

ಚಪ್ಪಾಳೆಗೆ ಎದ್ದಿದ್ದ ಚೇರ್ಮನ್ನರು ಕೂತಿದ್ದರು. ಕೊನೆಯ ಚಿತ್ರ, ಹಾಸಿಗೆಯಲ್ಲಿ ಮಲಗಿದವನನ್ನು ತೋರಿಸಿ, ಈತ ಅದೇ ಬೇನೆಯಿಂದ ಸತ್ತ ಎಂದು ಮುಗಿಸಿದೆ.

“ಅಲ್ರಿ ಅಕ್ಕೋರ, ಕಡೀಕ ನಿಮ್ಮ ಮಾತೇನ್ರಿ?” ಚೇರ್ಮನ್ನರ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. “ಮನುಷ್ಯಾ ಛಲೋನೋ, ಕೆಟ್ಟವನೋ?”

“ನನಗೆ ಗೊತ್ತಾಗಿಲ್ಲರಿ” ಎಂದೆ. “ಓದಿದ್ದೇನೆ, ಆದರೂ ಗೊತ್ತಾಗಿಲ್ಲ.”

ಕಂಬಳಿ ಬಿಚ್ಚಿದಾಗ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಎರಡೂ ಕಡೆಯವರು ನನಗೆ ನಮಸ್ಕಾರ ಹೇಳದೆ ಹೋದರು. ಯಾರಿಗೂ ಬೇಜಾರಾಗಬಾರದೆಂದಿದ್ದ ಸಾಹೇಬರಿಗೆ ಏನು ಹೇಳಲಿ ಎಂದು ಯೋಚಿಸುತ್ತಲೇ ಜೀಪು ಹತ್ತಿದೆ.

ಸಾಹೇಬರು ಏನೂ ಕೇಳಲಿಲ್ಲ. ಠರಾವಿನ ಸಭೆಗೆ ಹೋಗುವಾಗ ಮಾತ್ರ, ನಡಾವಳಿ ಬರೆದುಕೊಳ್ಳಲು ನೀವೇ ಬನ್ನಿ ಎಂದರು. ಅದು ಶಿಕ್ಷೆಯೋ ವಿಶ್ವಾಸವೋ ಇಂದಿಗೂ ತಿಳಿಯದು.

ಸಭೆ ಆ ಹಳ್ಳಿಯ ಚಾವಡಿಯಲ್ಲಿ. ಹೊರಗೆ ಊರೇ ಸೇರಿತ್ತು. ಸಾಹೇಬರು ಠರಾವು ಓದಿ, ಒಪ್ಪುವವರು ಕೈಯೆತ್ತಿ ಎಂದರು. ವಿರೋಧದವರ ಕೈಗಳು ಮೇಲೆದ್ದವು. ಬೆಂಚಿನ ತುದಿಯಲ್ಲಿ ಕೂತಿದ್ದ ಆ ಮೆಂಬರರ ಕೈಗಳು ಮೊಣಕಾಲ ಮೇಲೇ ಇದ್ದವು. ಚೇರ್ಮನ್ನರ ಮುಖ ಅರಳಿತು. ಒಪ್ಪದವರು ಎಂದಾಗ ಅವರ ಕಡೆಯ ಕೈಗಳು ಎದ್ದವು. ಈ ಕೈಗಳು ಆಗಲೂ ಮೊಣಕಾಲ ಮೇಲೇ. ಸಾಹೇಬರು ನನ್ನ ಕಡೆ ನೋಡಿದರು, ನಾನು ಪೆನ್ನು ಹಿಡಿದು ಕೂತಿದ್ದೆ. ಸಮಸಮ. ಬಹುಮತವಿಲ್ಲದೆ ಠರಾವು ಬಿದ್ದಿತು.

ಚೇರ್ಮನ್ನರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. “ಉಳಿಸಿದ್ಯೋ ತಮ್ಮಾ!”

“ನಾ ಉಳಿಸಿಲ್ರಿ ಗೌಡ್ರ” ಎಂದು ಅವರು ಕೂತಲ್ಲಿಂದಲೇ ಹೇಳಿದರು. “ನಿಮ್ಮ ಕಡಿ ನಾ ಕೈ ಎತ್ತಿಲ್ಲ. ಇನ್ನ ಯಾ ಠರಾವಿಗೂ ಎತ್ತೂದಿಲ್ರಿ, ಯಾರ ಕಡೀನೂ. ಕೇರ್ಯಾಗ ಬಾವಿ ತೋಡೂ ಠರಾವು ತರ್ರಿ. ಅವತ್ತ ನೋಡೂಣು.”

ಇದನ್ನು ಕೇಳಿ ವಿರೋಧದ ಮುಖಂಡರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಎರಡೂ ಕಡೆ ಸಮವಾಗಿರುವಾಗ ಈ ಒಬ್ಬರ ಕೈ ಇಲ್ಲದೆ ಪಂಚಾಯತಿಯಲ್ಲಿ ದೀಪಕ್ಕೆ ಎಣ್ಣೆ ತರಿಸಲೂ ಆಗುವುದಿಲ್ಲವೆಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ ಹಿಡಿಯಿತು. ನಡಾವಳಿಯಲ್ಲಿ ಹೇಗೆ ಬರೆಯಬೇಕೆಂದು ತಿಳಿಯದೆ, ‘ಒಬ್ಬ ಸದಸ್ಯರು ತಟಸ್ಥ’ ಎಂದು ಬರೆದೆ. ಬರೆದ ಮೇಲೆ, ಅವರು ತಟಸ್ಥರೇ ಅಲ್ಲವೆಂದು ತೋರಿತು.

ಆಮೇಲಿನ ಸುದ್ದಿ ಡ್ರೈವರಿಂದ ಬರುತ್ತಿತ್ತು. ಗೌಡರ ಕಡೆಯ ಹೊಲಗಳಿಗೂ ವಿರೋಧದವರ ಹೊಲಗಳಿಗೂ ಆ ಮೆಂಬರರ ಮನೆಯವರನ್ನು ಕೂಲಿಗೆ ಕರೆಯುವುದನ್ನು ಬಿಟ್ಟಿದ್ದರು. ಗಂಡ ಹೆಂಡತಿ ಬೆಳಿಗ್ಗೆ ಎದ್ದು ಕಾಖಂಡಕಿಯ ಕಡೆಗೆ ನಡೆದು ಹೋಗಿ ದುಡಿದು ಬರುತ್ತಿದ್ದರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಷ್ಟೇ ನಾನು, ಇನ್ನೇನೂ ಹೇಳಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಜೋಳದ ರಾಶಿ ಮುಗಿದ ಮೇಲೆ ಬಾವಿಯ ಠರಾವು ಬಂತು, ಎಲ್ಲ ಕೈಗಳೂ ಎದ್ದವು ಎಂದು ತಿಳಿಯಿತು. ಬೇಸಿಗೆಯಲ್ಲಿ ಕೆಲಸದ ಮೇಲೆ ಆ ಕಡೆ ಹೋದಾಗ ಜೀಪು ನಿಲ್ಲಿಸಿದೆ. ಕೇರಿಯ ಅಂಚಿನಲ್ಲಿ ಗುಂಡಿ ಆಳಕ್ಕಿಳಿದಿತ್ತು. ಗಂಡಸರು ಕೆಳಗೆ ಗಡಾರಿಯಿಂದ ನೆಲ ಅಗೆಯುತ್ತಿದ್ದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಬರುತ್ತಿದ್ದರು. ಆ ಮೆಂಬರು ಯಾವುದೋ ಕೆಲಸಕ್ಕೆ ವಿಜಾಪುರಕ್ಕೆ ಹೋಗಿದ್ದರು. ಅವರ ಹೆಂಡತಿ ತಾನೇ ಗುರುತು ಹಿಡಿದು ನಿಂತಳು. ತೆಳ್ಳನೆಯ ಹೆಂಗಸು, ತಲೆಯ ಮೇಲೆ ಸಿಂಬಿ.

“ಚಿತ್ರ ತೋರ್ಸಿದ ಅಕ್ಕೋರು ನೀವ ಏನ್ರಿ?”

ಹೌದೆಂದೆ.

“ಏನು ಹೇಳಿದ್ರಿ ನಮ್ಮವ್ರಿಗೆ ಅವತ್ತ? ಯಾವದರ ಒಂದು ಕಡಿ ಕೈ ಎತ್ತಿದ್ರ, ಒಬ್ಬರ ಹೊಲದಾಗರ ನಮಗ ಕೂಲಿ ಸಿಗತಿತ್ತು. ಎರಡೂ ಹೋತು. ಸುಗ್ಗಿ ಪೂರಾ ಪರಊರಿಗೆ ನಡದು ನಡದು ನನ್ನ ಕಾಲ ನೋಡ್ರಿ.”

ಪಾದಗಳು ಒಡೆದಿದ್ದವು. ನಾನು ಏನಾದರೂ ಹೇಳಲೇಬೇಕಿತ್ತು. “ನಾನು ಹೀಗೆ ಮಾಡಿರೆಂದು ಹೇಳಲಿಲ್ಲವ್ವಾ. ಅವರು ಕೇಳಿದ್ದಕ್ಕೆ ಗೊತ್ತಿದ್ದದ್ದು ಹೇಳಿದೆ.”

“ಅವರೂ ಹಂಗ ಅಂತಾರ್ರಿ. ಅಕ್ಕೋರಿಗೂ ಗೊತ್ತಾಗಿಲ್ಲಂತ, ನನಗೂ ಗೊತ್ತಾಗಲಿಲ್ಲ, ಅದಕ್ಕ ಕೈ ಕೆಳಗಿಟ್ಟೆ ಅಂತಾರ. ಗೊತ್ತಿಲ್ಲದವ್ರು ಇಬ್ಬರೂ ಕೂಡಿ ಮಾಡಿದ ಕೆಲಸ ಇದು.” ಅವಳು ನಗುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯಲಿಲ್ಲ. ಬುಟ್ಟಿಯನ್ನು ಎತ್ತಿಕೊಡಲು ನನಗೇ ಸನ್ನೆ ಮಾಡಿದಳು. ಎತ್ತಿಕೊಟ್ಟೆ. ಹಸಿ ಮಣ್ಣು, ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು.

“ನೀರ ಬಂದ ಮ್ಯಾಲ ಬರ್ರಿ” ಎಂದಳು. “ಕುಡದು ನೋಡಿ ಹೇಳತೇನಿ, ಛಲೋ ಮಾಡಿದ್ರೋ ಇಲ್ಲೋ.”

ಮಳೆಗಾಲಕ್ಕೆ ಮುಂಚೆಯೇ ನನ್ನ ನೌಕರಿ ಖಾಯಂ ಆಯಿತು, ಜೊತೆಗೇ ಬೇರೆ ಜಿಲ್ಲೆಗೆ ವರ್ಗವೂ ಆಯಿತು. ಬಾವಿಗೆ ನೀರು ಬಂತೆಂದು ಡ್ರೈವರ್ ನಾನಿದ್ದ ಕಡೆಗೆ ಬರುವವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದರು. ಬಹಳ ನೀರಂತೆ. ಸಿಹಿಯೋ ಸವಳೋ ಎಂದು ನಾನು ಕೇಳಿದೆ. ಬಂದವರು, ಅದನ್ನು ಅವರು ಹೇಳಲಿಲ್ಲವಲ್ರಿ ಎಂದರು.